ಶುಕ್ರವಾರ ಬಿಡುಗಡೆಯಾದ ನನ್ನ ಸಾವು

ಬಾಗಲಗುಂಟೆ
14 ಜೂನ್ 2025

ಚಿರಂಜೀವಿ ಬಸವಕಿರಣನಿಗೆ,

ಚಿರಂಜೀವಿ ಎಂದೇ ಬರೆದಿದ್ದೇನೆ. ನಾನು ನಿನ್ನ ಹಾಗಲ್ಲ.

ನಿನ್ನೆ ಮಧ್ಯಾಹ್ನ ಕಾಲೇಜಿನ ಆಫೀಸಿನಲ್ಲಿ ಊಟಕ್ಕೆ ಕೂತಿದ್ದಾಗ ನಾನು ಸತ್ತ ವಿಷಯ ತಿಳಿಯಿತು. ತಿಳಿಸಿದವಳು ಸುಮಾ, ನಮ್ಮ ಲೈಬ್ರರಿಯ ಹುಡುಗಿ, ಹುಣಸಮಾರನಹಳ್ಳಿಯವಳು. ಶುಕ್ರವಾರ ಬಂತೆಂದರೆ ಅವಳಿಗೆ ಹಬ್ಬ. ಆ ವಾರ ಹೊಸದಾಗಿ ಬಂದ ಹಾಡುಗಳನ್ನು, ರ‍್ಯಾಪೋ, ಇಂಡೀ ಅನ್ನುವುದೋ, ಕಂಪ್ಯೂಟರಿನಲ್ಲೇ ಕುಟ್ಟಿ ಮಾಡಿದ್ದೋ, ಎಲ್ಲವನ್ನೂ ಫೋನಿನಲ್ಲಿ ಸಾಲಾಗಿ ಹಾಕಿಕೊಂಡು ಕೇಳುತ್ತಾಳೆ. ಯಾವುದು ಉಳಿಯುತ್ತದೆ, ಯಾವುದು ಸೋಮವಾರಕ್ಕೇ ಸಾಯುತ್ತದೆ ಎಂದು ತೀರ್ಪು ಕೊಡುತ್ತಾಳೆ. ಇಯರ್‌ಫೋನಿನ ಒಂದು ಕಿವಿ ಅವಳಿಗೆ, ಒಂದು ನನಗೆ.

"ಮೇಡಂ, ಇವ್ನ್ಯಾರೋ ಒಸಬ. ಅನಾಥ ಕಿರಣ ಅಂತ. ಕೇಳಿ ಮೇಡಂ, ಕರುಳು ಕಿತ್ಕೊಂಡ್ ಬತ್ತದೆ. ಪಾಪ, ಅವ್ರಮ್ಮ ಸತ್ತೋಗವ್ರೆ" ಅಂದಳು.

ಮೊದಲ ಸಾಲಿಗೇ ನನಗೆ ಗೊತ್ತಾಯಿತು. ಗಂಟಲನ್ನು ಎಷ್ಟೇ ದಪ್ಪ ಮಾಡಿಕೊಂಡರೂ ಮೂಗು ಕಟ್ಟಿದ ನಿನ್ನ ದನಿ ನನಗೆ ಗೊತ್ತಾಗದೆ ಇರುತ್ತದೆಯೇ? "ಅವ್ವ ಸತ್ತಳು ಆಸ್ಪತ್ರೆಯ ಮೆಟ್ಟಿಲ ಮೇಲೆ, ಅಪ್ಪನ ಬೆಲ್ಟಿನ ಬಕಲು ಇನ್ನೂ ಬೆನ್ನ ಮೇಲೆ." ಸುಮಾ ಕಣ್ಣು ಒರೆಸಿಕೊಂಡಳು. "ಪಾಪ ಅಲ್ವಾ ಮೇಡಂ?" ಎಂದು ಕೇಳಿದಳು. ನಾನೂ ಪಾಪ ಅಂದೆ. ನನ್ನ ಸಾವಿಗೆ ನಾನೇ ಪಾಪ ಅಂದೆ. ಬಾಯಲ್ಲಿದ್ದ ಚಿತ್ರಾನ್ನವನ್ನು ಹೊರಗೆ ಹೋಗಿ ಉಗಿದು ಬಂದೆ.

ಅಸಹ್ಯವಾಗಿದೆ ಕಿರಣ. ಬೇರೆ ಮಾತಿಲ್ಲ ನನ್ನ ಹತ್ತಿರ. ನಾನು ಯಾವ ಮೆಟ್ಟಿಲ ಮೇಲೆ ಸತ್ತೆ? ನಿಮ್ಮಪ್ಪ ಯಾವತ್ತು ನಿನ್ನ ಮೇಲೆ ಬೆಲ್ಟು ಎತ್ತಿದರು? ಹಾಡಿನಲ್ಲಿ ಅವರು ಕುಡುಕ. ಪೀಣ್ಯದ ಫ್ಯಾಕ್ಟರಿಯಿಂದ ಬಂದು ಶೇಖರಪ್ಪನವರು ಕುಡಿಯುವುದು ಇಂಗು ಹಾಕಿದ ಮಜ್ಜಿಗೆ. ನೀನು ಬೆಳೆದದ್ದು ಟಾರ್ಪಾಲಿನ ಗುಡಿಸಲಿನಲ್ಲಂತೆ. ವಾಟರ್ ಫಿಲ್ಟರ್ ರಿಪೇರಿಯವನು ತಡವಾಗಿ ಬಂದ ಎಂದು ನೀನು ಕೂಗಾಡಿದ್ದು ಈ ಗುಡಿಸಲಿನಲ್ಲೇ ಏನು?

ಫೋನ್ ಮಾಡೋಣವೆಂದು ಕೈಗೆ ತೆಗೆದುಕೊಂಡೆ. ಸತ್ತವರು ಫೋನ್ ಮಾಡುವುದಿಲ್ಲ ಎಂದು ನೆನಪಾಗಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನೀನು ಫೋನ್ ಮಾಡಿದರೂ ಎತ್ತುವುದಿಲ್ಲ. ಅವ್ವ ಬದುಕಿದ್ದಾಳೆ ಎಂದು ಆ ಹಾಡು ಕೇಳಿದವರಿಗೆ ನಿನ್ನ ಬಾಯಿಂದಲೇ ಹೇಳು. ಆಮೇಲೆ ಮಾತು.

ಇನ್ನೂ ಉಸಿರಾಡುತ್ತಿರುವ
ನಿನ್ನ ಅವ್ವ
ದಾಕ್ಷಾಯಣಿ


ಆರ್.ಟಿ. ನಗರ
24 ಜೂನ್ 2025

ಅವ್ವನಿಗೆ,

ಫೋನ್ ಮಾಡಿ ಮಾಡಿ ಸಾಕಾಯಿತು, ನೀನು ಎತ್ತುತ್ತಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ರಜಾ ಅರ್ಜಿ ಬರೆದ ಮೇಲೆ ಕನ್ನಡದಲ್ಲಿ ಕಾಗದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೋ.

ಅವ್ವಾ, ಅದು ನಾನಲ್ಲ. ಅನಾಥ ಕಿರಣ ಅನ್ನುವುದು ಒಂದು ಪಾತ್ರ. ನಾಟಕದಲ್ಲಿ ಸಾಯುವುದಿಲ್ಲವಾ, ಹಾಗೆ. ನೀನು ಇಷ್ಟು ಸೀರಿಯಸ್ ಆಗಿ ತಗೊಂಡರೆ ಹೇಗೆ?

ಹೇಗಾಯಿತು ಅಂತ ಹೇಳ್ತೀನಿ. ಹಾಡು ಬಿಡುಗಡೆ ಮಾಡುವ ಕಂಪನಿಯವರು ಹೊಸ ಹುಡುಗರನ್ನು ಆರಿಸುತ್ತಿದ್ದರು. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು, "ನಿನ್ನ ಕಥೆ ಏನು?" ನನ್ನ ಮುಂದಿದ್ದವನ ಅಣ್ಣ ಜೈಲಿನಲ್ಲಿದ್ದ. ಅವನ ಮುಂದಿನವನು ಕಸದ ಲಾರಿಯಲ್ಲಿ ಮಲಗಿದವನು. ನನ್ನ ಸರದಿ ಬಂತು. ನಾನೇನು ಹೇಳಲಿ? ಅವ್ವ ಕಾಲೇಜಿನಲ್ಲಿ ಹಾಲ್‌ಟಿಕೆಟ್ ಕೊಡುತ್ತಾಳೆ, ಅಪ್ಪ ನಟ್ಟು ಬೋಲ್ಟು ಅಳೆಯುತ್ತಾರೆ, ಬೆಳಿಗ್ಗೆ ಉಪ್ಪಿಟ್ಟು ಅಂತಲಾ? ಆರಿಸುವ ಆ ನಾಲ್ಕು ಜನ ಫೋನ್ ನೋಡುತ್ತಾ ಕೂತಿದ್ದರು. ನನ್ನ ಬಾಯಿಂದ "ನಮ್ಮಮ್ಮ ಇಲ್ಲ" ಅಂತ ಬಂದುಬಿಟ್ಟಿತು. ನಾಲ್ಕೂ ಜನ ತಲೆ ಎತ್ತಿದರು. ಅವ್ವಾ, ಯಾರಾದರೂ ನನ್ನ ಕಡೆ ಹಾಗೆ ನೋಡಿದ್ದು ಅದೇ ಮೊದಲು.

ಈಗ ಪೇಜಿನಲ್ಲಿ, ಪೋಸ್ಟರಿನಲ್ಲಿ ಎಲ್ಲ ಕಡೆ ಅದೇ ಹಾಕಿಬಿಟ್ಟಿದ್ದಾರೆ. ಈಗ ತೆಗೆಯಿರಿ ಅಂದರೆ ಮುಗೀತು, ಫೇಕ್ ಅಂತ ಉಗಿದು ಓಡಿಸ್ತಾರೆ. ಸ್ವಲ್ಪ ದಿನ ಸುಮ್ಮನಿರು. ನಿನಗೆ ಇದರಿಂದ ಏನು ಲಾಸು? ಅಪ್ಪನಿಗೆ ಸಾರಿ ಹೇಳು.

ನಿನ್ನ
ಕಿರಣ


ಬಾಗಲಗುಂಟೆ
6 ಜುಲೈ 2025

ಚಿರಂಜೀವಿ ಬಸವಕಿರಣನಿಗೆ,

ಏನು ಲಾಸು ಎಂದು ಕೇಳಿದ್ದೀಯ. ಹೇಳುತ್ತೇನೆ, ಕೇಳು.

ಹೋದ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ನಿಮ್ಮಪ್ಪನ ಜೊತೆ ಕೆಲಸ ಮಾಡುವ ಸೋಮನಾಥ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖ ಇಷ್ಟುದ್ದ. ನನ್ನನ್ನು ಕಂಡವನೇ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕಾಂಪೌಂಡಿನ ತುಳಸಿ ಕುಂಡಕ್ಕೆ ಎಡವಿದ. ಅವನ ಮಗ ಹಾಡು ಕೇಳಿಸಿ "ಶೇಖರಪ್ಪ ಅಂಕಲ್ ಮಗ ಇವ್ನು" ಅಂದಿದ್ದನಂತೆ. ಶೇಖರಪ್ಪ ಹೆಂಡತಿ ಹೋದದ್ದನ್ನು ಯಾರಿಗೂ ಹೇಳದೆ ಒಬ್ಬನೇ ದುಃಖ ನುಂಗಿಕೊಂಡಿದ್ದಾನೆ ಅಂತ ಇವನು ಸಮಾಧಾನ ಹೇಳಲು ಬಂದಿದ್ದ. ನನ್ನ ಕೈಯಿಂದಲೇ ಚಹಾ ಮಾಡಿಸಿಕೊಂಡು ಕುಡಿದು, ತಂದ ಹಣ್ಣನ್ನು ವಾಪಸ್ಸು ಒಯ್ಯುವುದೋ ಬಿಟ್ಟುಹೋಗುವುದೋ ತಿಳಿಯದೆ ಒದ್ದಾಡಿದ. ನನಗೆ ನಗುವೂ ಬಂತು. ನಕ್ಕಿದ್ದಕ್ಕೆ ಆಮೇಲೆ ನನ್ನ ಮೇಲೇ ಹೇಸಿಗೆಯಾಯಿತು.

ನಿಮ್ಮಪ್ಪ ಮಾರನೇ ದಿನದಿಂದ ಬೆಲ್ಟು ಹಾಕಿಕೊಳ್ಳದೆ ಕೆಲಸಕ್ಕೆ ಹೋಗುತ್ತಿದ್ದಾರೆ. ಬಸ್ ಸ್ಟಾಪಿನವರೆಗೆ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಪ್ಯಾಂಟು. "ಹಾಕ್ಕೋರಿ, ಮಂದಿ ನಗತಾರ" ಅಂದೆ. "ನಗಲಿ ಬಿಡು. ಬೆಲ್ಟ್ ನೋಡಿದ್ರ ಆ ಬಕಲ್‌ನ ಮಾತು ನೆನಪಾಗ್ತದ" ಅಂದರು. ಇದು ಲಾಸಿಗೆ ಬರುತ್ತದೆಯೋ ಇಲ್ಲವೋ ನಿನ್ನ ಕಂಪನಿಯವರನ್ನು ಕೇಳಿ ಬರೆ.

ನಾನು ಈಗ ಪ್ರತಿ ಶುಕ್ರವಾರ ಸುಮಾಳ ಜೊತೆ ಕೂತು ಹೊಸ ಹಾಡುಗಳನ್ನೆಲ್ಲ ಕೇಳುತ್ತೇನೆ. ನನ್ನ ಮಗ ಯಾವ ಸಂತೆಯಲ್ಲಿ ನನ್ನನ್ನು ಮಾರುತ್ತಿದ್ದಾನೆ ಎಂದು ನೋಡಬೇಕಲ್ಲ. ಹೆಬ್ಬಾಳದ ಎತ್ತರದ ಬಿಲ್ಡಿಂಗಿನ ಹುಡುಗನೊಬ್ಬ, ಅವನಪ್ಪನದು ಎರಡು ಪೆಟ್ರೋಲ್ ಬಂಕು ಇದೆಯಂತೆ, ಹಸಿವಿನ ಮೇಲೆ ರ‍್ಯಾಪು ಮಾಡಿದ್ದಾನೆ. ಇನ್ನೊಬ್ಬ ಮಿಕ್ಸಿ ತಿರುಗಿದ ಹಾಗೆ ಆರು ನಿಮಿಷ ಸದ್ದು ಮಾಡಿ ಅದಕ್ಕೆ ಏಕಾಂತ ಎಂದು ಹೆಸರಿಟ್ಟಿದ್ದಾನೆ. ಕೊನೆಗೆ ಚಟ್ನಿಯಾದರೂ ಆಯಿತೋ ಇಲ್ಲವೋ. ಎಲ್ಲರ ಮನೆಗೂ ಬೆಂಕಿ ಬಿದ್ದಿದೆ, ಎಲ್ಲರ ಬೆನ್ನಿಗೂ ಚಾಕು ಬಿದ್ದಿದೆ, ಯಾರ ಮನೆಯಲ್ಲೂ ಬೆಳಿಗ್ಗೆ ಹಾಲು ಬಂದಿಲ್ಲ.

ಒಂದೇ ಒಂದು ಹಾಡು ಹಿಡಿಸಿತು. ಯಶವಂತಪುರದ ಹುಡುಗಿಯದು. ಹಾಡೂ ಅಲ್ಲ ಅದು. ಬಸ್ಸಿನ ಬಾಗಿಲು ಮುಚ್ಚುವ ಸದ್ದು, ಕಂಡಕ್ಟರು ಸರಳಿಗೆ ನಾಣ್ಯ ಬಡಿಯುವ ಸದ್ದು, ಅದರ ಹಿಂದೆ ತೆಳ್ಳಗೆ ಕೀಬೋರ್ಡು. ನಡುವೆ ಅವಳ ದನಿ, "ಇವತ್ತು ಸೀಟು ಸಿಕ್ತು" ಅಂತ. ಅಷ್ಟೇ. "ಬೋರು ಮೇಡಂ, ಮುಂದಕ್ಕೆ ಓಗಣ" ಅಂದಳು ಸುಮಾ. ನಾನು ಬಿಡಲಿಲ್ಲ, ಮತ್ತೆ ಹಾಕಿಸಿಕೊಂಡೆ. ಅವಳ ಬಸ್ಸಿನಲ್ಲಿ ಯಾರೂ ಸಾಯುವುದಿಲ್ಲ ಕಿರಣ. ಆದರೂ ನನಗೆ ಕಣ್ಣು ತುಂಬಿತು.

ನಮ್ಮ ಮನೆಯಲ್ಲಿ ಹಾಡಲು ಏನೂ ಇಲ್ಲ ಅನ್ನುತ್ತೀಯ. ನೀನು ಐದನೇ ಕ್ಲಾಸಿನವರೆಗೆ ತೊದಲುತ್ತಿದ್ದೆ. ಹೆಸರು ಕೇಳಿದರೆ "ಬ ಬ ಬ" ಎಂದು ನಿಂತುಬಿಡುತ್ತಿದ್ದೆ. ಅಡುಗೆಮನೆಯಲ್ಲಿ ನಾನು ಸ್ಟೀಲ್ ತಟ್ಟೆ ಬೋರಲು ಹಾಕಿ ಚಮಚದಿಂದ ತಾಳ ಬಡಿಯುತ್ತಿದ್ದೆ, ಆ ತಾಳಕ್ಕೆ ನೀನು ಪಾಠ ಒಪ್ಪಿಸುತ್ತಿದ್ದೆ. ತಾಳ ಇದ್ದರೆ ನಿನ್ನ ಮಾತು ನಿಲ್ಲುತ್ತಿರಲಿಲ್ಲ. ಎಷ್ಟು ತಟ್ಟೆ ತಗ್ಗು ಬಿದ್ದವೋ, ಈಗಲೂ ನಿಮ್ಮಪ್ಪ ಅದರಲ್ಲೇ ಉಣ್ಣುತ್ತಾರೆ. ಇದನ್ನು ಹಾಡಲು ನಿನಗೆ ನಾಚಿಕೆ. ನನ್ನನ್ನು ಸಾಯಿಸಲು ನಾಚಿಕೆಯಾಗಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವುದಾದರೆ ಒದಿ. ಆದರೆ ಬಂದು ಒದಿ.

ನಿನ್ನ ಅವ್ವ
ದಾಕ್ಷಾಯಣಿ


ಬಾಗಲಗುಂಟೆ
3 ಆಗಸ್ಟ್ 2025

ಚಿರಂಜೀವಿ ಬಸವಕಿರಣನಿಗೆ,

ನಿನ್ನ ಉತ್ತರವಿಲ್ಲ. ಇರಲಿ. ಈಗ ನಾನು ನನಗಾಗಿ ಬರೆಯುತ್ತಿಲ್ಲ.

ನಿನ್ನ ಹಾಡು ಅಟ್ಟೂರಿಗೂ ಹೋಯಿತು. ನಿನ್ನ ಸೋದರಮಾವನ ಮಗಳು ಸ್ನೇಹಾ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾಳೆ. ಮೊಮ್ಮಗನ ಹಾಡು ಎಂದು ಹೆಮ್ಮೆಯಿಂದ ನಿನ್ನ ಅಜ್ಜಿ ಚನ್ನಕ್ಕನಿಗೆ ಕೇಳಿಸಿದ್ದಾಳೆ. ಅವಳಿಗೆ ನಿಮ್ಮ ಪಾತ್ರಗೀತ್ರ ಎಲ್ಲ ಅರ್ಥವಾಗುತ್ತದೆ. ಚನ್ನಕ್ಕನಿಗೆ ಎಲ್ಲಿಂದ ಅರ್ಥವಾಗಬೇಕು? ಎಂಬತ್ತರ ಹತ್ತಿರದ ಮುದುಕಿ. ಅವ್ವ ಸತ್ತಳು ಅನ್ನುವುದಷ್ಟೇ ಅವಳ ಕಿವಿಗೆ ಬಿತ್ತು. ನೆಲಕ್ಕೆ ಕೂತು, "ಯವ್ವಾ ನನ್ನ ಮಗಳ, ನನಗಿಂತ ಮುಂಚೆ ಹ್ವಾದೇನ" ಎಂದು ಎದೆ ಬಡಿದುಕೊಂಡು ಅತ್ತಳು. ಅಕ್ಕಪಕ್ಕದವರೆಲ್ಲ ಓಡಿಬಂದರು. ನನ್ನ ಜೊತೆ ಫೋನಿನಲ್ಲಿ ಮಾತಾಡಿಸಿದರೂ ನಂಬಲಿಲ್ಲ. ನಾನು ಕೆಲಸ ಬಿಟ್ಟು ಓಡಿದೆ.

ನನ್ನ ಗಲ್ಲ ಹಿಂಡಿ ನೋಡಿದಳು, ತೋಳು ಚಿವುಟಿ ನೋಡಿದಳು. ಆಮೇಲೆ ಕಣ್ಣು ಒರೆಸಿಕೊಂಡು ನನ್ನ ಕಿವಿಯಲ್ಲಿ, "ಕಾಗಿ ಮುಟ್ಟಿತ್ತೇನ ನಿನಗ?" ಎಂದು ಕೇಳಿದಳು.

ನಿನಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಕಾಗೆ ತಲೆಗೆ ಬಡಿದರೆ ಕೆಟ್ಟದ್ದು, ಸಾವು ಬೆನ್ನಿಗಿದೆ ಅನ್ನುತ್ತಾರೆ. ಆಗ ಮನೆಯವರು ಆ ಮನುಷ್ಯ ಸತ್ತನೆಂದು ಬೇಕೆಂದೇ ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ನೆಂಟರು ಅತ್ತರೆ ದೋಷ ಕಳೆದು ಆಯುಷ್ಯ ಗಟ್ಟಿಯಾಗುತ್ತದೆ. ನೀನು ಅದನ್ನೇ ಮಾಡಿದ್ದೀಯೆಂದು ನಿನ್ನ ಅಜ್ಜಿ ತಿಳಿದಳು. "ಹುಡುಗ ಶಾಣ್ಯಾ ಅದಾನ, ಬೆಂಗಳೂರಾಗ ಬೆಳೆದ್ರೂ ಶಾಸ್ತ್ರಾ ಬಿಟ್ಟಿಲ್ಲ" ಎಂದು ಅತ್ತ ಕಣ್ಣಿನಲ್ಲೇ ನಕ್ಕಳು. ಎಷ್ಟು ಮಂದಿಗೆ ಸುದ್ದಿ ಮುಟ್ಟಿಸಿದ್ದಾನೆ ಎಂದು ಕೇಳಿದಳು. ಸ್ನೇಹಾ ಫೋನು ನೋಡಿ, "ನಾಲ್ಕು ಲಕ್ಷ ಅಜ್ಜಿ" ಅಂದಳು. ಮುದುಕಿ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ನಾಕ ಲಕ್ಷ ಮಂದಿ ಅತ್ತಾರ? ಯವ್ವಾ, ಭೂಮಿ ಇರೂತನಾ ಇರ್ತೀ ನೀ" ಅಂದಳು.

ಇಲ್ಲ ಅವ್ವ, ನಿನ್ನ ಮೊಮ್ಮಗ ಹೆಸರು ಮಾಡಲು ನನ್ನನ್ನು ಕೊಂದ, ಎಂದು ನಾನು ಹೇಳಬೇಕಿತ್ತೇನು? ಹೂಂ ಅವ್ವ, ಕಾಗೆ ಮುಟ್ಟಿತ್ತು ಅಂದೆ.

ಅಲ್ಲಿಗೆ ಮುಗಿಯಲಿಲ್ಲ. ಸುಳ್ಳು ಸುದ್ದಿ ಹೇಳಿದವನೇ ಅದನ್ನು ಹಿಂದಕ್ಕೆ ತಗೊಳ್ಳಬೇಕು, ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ. ತಗೊಳ್ಳದಿದ್ದರೆ ಸುದ್ದಿ ಅಂಟಿಕೊಂಡು ನಿಜವಾಗುತ್ತದೆ. ಅಜ್ಜಿಯ ಲೆಕ್ಕ ಇದು. "ಅಂವಾ ಮಂದಿ ಮುಂದ ನಿಂತು ಅವ್ವ ಅದಾಳ ಅನ್ನೂತನಾ ನನಗ ರಾತ್ರಿ ಊಟಾ ಬ್ಯಾಡ" ಎಂದು ಹಟ ಹಿಡಿದಿದ್ದಾಳೆ. ಸಕ್ಕರೆ ಕಾಯಿಲೆಯವಳು. ಮೊನ್ನೆ ಬಚ್ಚಲಲ್ಲಿ ತಲೆ ತಿರುಗಿ ಗೋಡೆ ಹಿಡಿದು ನಿಂತಿದ್ದಳಂತೆ. ಅಣ್ಣ ಬೈದ, ಅತ್ತಿಗೆ ಅತ್ತಳು, ನಾನು ಕಾಲು ಹಿಡಿದೆ. ಒಂದು ತುತ್ತೂ ಮುಟ್ಟಲಿಲ್ಲ.

ಅಜ್ಜಿ ಅತ್ತದ್ದನ್ನು ಸ್ನೇಹಾ ವಿಡಿಯೋ ಮಾಡಿ ನಿನಗೆ ಕಳಿಸಿದ್ದಾಳೆ. "ನೋಡ್ಲಿ ಅತ್ತೆ, ಏನ್ ಮಾಡಿದೀನಿ ಅಂತ ಅವ್ನಿಗೆ ಗೊತ್ತಾಗ್ಲಿ" ಅಂದಳು. ನೋಡಿದೆಯಾ?

ನನಗಾಗಿ ಬೇಡ. ಆ ಮುದುಕಿಯ ಅನ್ನಕ್ಕಾಗಿ ಒಂದು ಸಲ ಹೇಳು.

ಅವ್ವ


ಆರ್.ಟಿ. ನಗರ
20 ಆಗಸ್ಟ್ 2025

ಅವ್ವಾ,

ವಿಡಿಯೋ ನೋಡಿದೆ. ಒಂದು ಸಲ ಅಲ್ಲ, ಎಷ್ಟೋ ಸಲ. ಅಜ್ಜಿಯ ದನಿ ತಲೆಯಿಂದ ಹೋಗುತ್ತಿಲ್ಲ. ಇಲ್ಲಿ ರೂಮಿನವರಿಗೂ ತೋರಿಸಿದೆ, ಎಲ್ಲರೂ ಮತ್ತೆ ಹಾಕಿಸಿಕೊಂಡು ನೋಡಿದರು.

ಆಯಿತು, ಹೇಳ್ತೀನಿ. ಸೆಪ್ಟೆಂಬರ್ 13ರ ಸಂಜೆ ಹೆಬ್ಬಾಳದಲ್ಲಿ ನನ್ನ ಮೊದಲ ದೊಡ್ಡ ಶೋ. ಹಾಲ್ ಫುಲ್ ಆಗುತ್ತೆ ಅಂತಿದ್ದಾರೆ. ಅಲ್ಲೇ ಸ್ಟೇಜಿನ ಮೇಲೆ ಹೇಳ್ತೀನಿ. ಕಂಪನಿಯವರು ಏನಂದರೂ ಪರವಾಗಿಲ್ಲ. ನಿನ್ನಾಣೆ. ಅಜ್ಜಿಗೆ ಊಟ ಮಾಡು ಅಂತ ಹೇಳು.

ನೀನು ಬರಬೇಡ ಅವ್ವಾ, ನಿನ್ನ ಮುಂದೆ ಹೇಳೋಕೆ ನನಗೆ ಕಷ್ಟ ಆಗುತ್ತೆ. ಮುಗಿದ ಮೇಲೆ ನಾನೇ ಅಟ್ಟೂರಿಗೆ ಬರ್ತೀನಿ.

ಕಿರಣ


ಬಾಗಲಗುಂಟೆ
14 ಸೆಪ್ಟೆಂಬರ್ 2025

ಬಸವಕಿರಣನಿಗೆ,

ಬರಬೇಡ ಅಂದಿದ್ದೆ. ಆದರೂ ಬಂದೆ. ಸುಮಾ ಟಿಕೆಟ್ ತೆಗೆಸಿದ್ದಳು. ಕೊನೆಗೂ ಅವಳಿಗೆ ನಿಜ ಹೇಳಿದ್ದೆ. "ಓಗಣ ಮೇಡಂ, ನಿಮ್ಗೆ ಜೀವ ಬರೋದ ನಾನೂ ನೋಡ್ಬೇಕು" ಅಂದಳು. ನಿಮ್ಮಪ್ಪ ಬರಲಿಲ್ಲ. "ನೀ ಹೋಗಿ ಕೇಳಿ ಬಾ. ಅಂವಾ ಹೇಳಿದ್ರ ನಾಳೆಯಿಂದ ಬೆಲ್ಟ್ ಹಾಕ್ಕೋತೀನಿ" ಅಂದರು. ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು ಹೊರಟೆ. ಎಲ್ಲರೆದುರು ಬದುಕಿದ್ದಾಳೆ ಅನ್ನಿಸಿಕೊಳ್ಳುವವಳು ಲಕ್ಷಣವಾಗಿರಬೇಕಲ್ಲ.

ನಿನ್ನ ಹಾಲಿನಲ್ಲಿ ಕುರ್ಚಿ ಇರಲಿಲ್ಲ. ದೊಡ್ಡಿಯ ಹಸುವಿಗೆ ಹಾಕುವಂತೆ ಕೈಗೆ ಮುದ್ರೆ ಒತ್ತಿ ಒಳಗೆ ಬಿಟ್ಟರು. ಹುಡುಗ ಹುಡುಗಿಯರ ನಡುವೆ, ಬೆವರು ಸೆಂಟುಗಳ ವಾಸನೆಯಲ್ಲಿ, ಗೋಡೆಗೆ ಒರಗಿ ನಿಂತೆ. ದೀಪ ಆರಿತು. ಕತ್ತಲಲ್ಲಿ ಮೊದಲು ಕೇಳಿದ್ದು ನಿನ್ನ ದನಿಯಲ್ಲ, ನನ್ನ ಅವ್ವನ ದನಿ.

"ಯವ್ವಾ ನನ್ನ ಮಗಳ, ನನಗಿಂತ ಮುಂಚೆ ಹ್ವಾದೇನ."

ಆಳೆತ್ತರದ ಸ್ಪೀಕರುಗಳಲ್ಲಿ. ನನ್ನ ಎದೆಯ ಎಲುಬು ನಡುಗಿತು. ನೀನು ಅದನ್ನು ಕತ್ತರಿಸಿ, ತಿರುಗಿಸಿ, "ಹ್ವಾದೇನ ಹ್ವಾದೇನ" ಎಂದು ಮತ್ತೆ ಮತ್ತೆ ಬಾರಿಸಿದೆ. ಅದರ ಕೆಳಗೆ ಧಡ್ ಧಡ್ ಎಂದು ತಾಳ ಹಾಕಿದೆ. ಅದಕ್ಕೆ ಹುಡುಗರು ಕುಣಿದರು. ನನ್ನ ಅವ್ವ ನನಗಾಗಿ ಅತ್ತ ಅಳುವಿಗೆ ಕೈ ಮೇಲೆತ್ತಿ ಕುಣಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ನಿನ್ನ ಹೊಟ್ಟೆಗೆ ಅನ್ನ ಹಾಕಿದ ಕೈಗೆ ಅಸಹ್ಯವಾಯಿತು ಕಿರಣ. ಆ ವಿಡಿಯೋವನ್ನು ನೀನು ಎಷ್ಟೋ ಸಲ ನೋಡಿದ್ದು ಯಾಕೆಂದು ಆಗ ತಿಳಿಯಿತು.

ಆದರೂ ಕಾದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಇನ್ನೇನು ಹೇಳುತ್ತಾನೆ, ಈ ಹಾಡು ಮುಗಿಯಲಿ, ನನ್ನಾಣೆ ಹಾಕಿದ್ದಾನಲ್ಲ, ಎಂದು ಕಾದೆ. ಸಂಗೀತ ನಿಂತಿತು. ನೀನು ಮುಂದಕ್ಕೆ ಬಂದೆ. "ನಮ್ಮಮ್ಮನಿಗಾಗಿ ಒಂದು ನಿಮಿಷ ಎಲ್ಲರೂ ಮೌನ" ಅಂದೆ. ಒಂದು ಅಕ್ಷರವೂ ತೊದಲಲಿಲ್ಲ.

ಎಲ್ಲರೂ ಫೋನಿನ ಟಾರ್ಚು ಹಚ್ಚಿ ಮೇಲೆ ಹಿಡಿದರು. ಸುಮಾ ನನ್ನ ಕೈ ಹಿಡಿದು ಎಳೆದಳು, "ಬನ್ನಿ ಮೇಡಂ, ಸ್ಟೇಜ್ ಅತ್ಬಿಡಣ, ನಾನಿರ್ತೀನಿ" ಅಂದಳು. ನಾನು ಅಲ್ಲಾಡಲಿಲ್ಲ. ನಾನು ಹೇಳಿದರೆ ನಡೆಯುವುದಿಲ್ಲವಲ್ಲ, ಹೇಳಿದವನೇ ಹೇಳಬೇಕು. ನನ್ನ ಸಾವಿಗೆ ನಾನೂ ಎಲ್ಲರ ಜೊತೆ ಮೌನವಾಗಿ ನಿಂತೆ. ಆ ಬೆಳಕಿನಲ್ಲಿ ನಿನ್ನ ಕಣ್ಣು ನನ್ನ ಮೇಲೆ ಬಿತ್ತು. ಬಿದ್ದದ್ದು ನನಗೆ ಗೊತ್ತು, ನಿನಗೂ ಗೊತ್ತು. ಆಗಲೂ ಹೇಳಬಹುದಿತ್ತು. ಅಗೋ ಅಲ್ಲಿದ್ದಾಳೆ ಎಂದು ಬೆರಳು ತೋರಿಸಿದ್ದರೂ ಸಾಕಿತ್ತು. ನೀನು "ಮು, ಮು, ಮು" ಎಂದು ನಿಂತೆ. ತಾಳಕ್ಕಾಗಿ ತಡಕಾಡುತ್ತಿದ್ದೆ. ನನ್ನ ಕೈಯಲ್ಲಿ ಚಮಚ ಇರಲಿಲ್ಲ. ಆಮೇಲೆ "ಮುಂದಿನ ಹಾಡು" ಅಂದುಬಿಟ್ಟೆ. ದುಃಖಕ್ಕೆ ಗಂಟಲು ಕಟ್ಟಿತೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು.

ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗಿ ಬಿಕ್ಕುತ್ತಿದ್ದಳು. ನನ್ನ ಕಣ್ಣು ನೋಡಿ ತೋಳು ಹಿಡಿದುಕೊಂಡಳು. "ಆಂಟಿ, ನೀವೂ ಯಾರನ್ನಾದ್ರೂ ಕಳ್ಕೊಂಡಿದೀರಾ?" ಎಂದು ಕೇಳಿದಳು.

"ಮಗ" ಅಂದೆ. "ಮಗ ತೀರಿಕೊಂಡ."

ಆ ಹುಡುಗಿ ನನ್ನನ್ನು ತಬ್ಬಿಕೊಂಡು ಅತ್ತಳು.

ಇವತ್ತು ಬೆಳಿಗ್ಗೆ ಅಟ್ಟೂರಿಗೆ ಹೋದೆ. ನಿನ್ನ ಅಜ್ಜಿ ಬಾಗಿಲಲ್ಲೇ ಕೂತಿದ್ದಳು, ಇನ್ನಷ್ಟು ಇಳಿದುಹೋಗಿದ್ದಾಳೆ. "ಹೇಳಿದನೇನ?" ಅಂದಳು. ಹೇಳಿದ ಅವ್ವ, ಸಾವಿರ ಮಂದಿಯ ಮುಂದೆ ಹೇಳಿದ, ನನ್ನನ್ನು ಸ್ಟೇಜಿನ ಮೇಲೆ ಕರೆದು ತೋರಿಸಿದ, ಅಂದೆ. ನನ್ನ ಕೈಯ ಮೇಲಿನ ಮುದ್ರೆಯನ್ನು ಸಾಕ್ಷಿಯೆಂಬಂತೆ ಸವರಿ ನೋಡಿದಳು. ನಿನ್ನ ಹೆಸರು ಹಿಡಿದು ನೂರು ವರ್ಷ ಬಾಳಲಿ ಎಂದು ಹರಸಿದಳು. ರಾತ್ರಿ ಉಣ್ಣುತ್ತೇನೆ, ಸಿಹಿಗೆ ಸಜ್ಜಕ ಮಾಡಿಸು ಅಂದಳು. ಹೀಗೆ ನಾನೂ ಸುಳ್ಳು ಹೇಳಿದೆ. ನನ್ನ ಸುಳ್ಳಿನಿಂದ ಒಬ್ಬಳಿಗೆ ಅನ್ನವಾದರೂ ಇಳಿಯುತ್ತದೆ.

ನಿಮ್ಮಪ್ಪನಿಗೆ ಸುಳ್ಳು ಹೇಳಲಾಗಲಿಲ್ಲ. ಮುಖ ನೋಡಿಯೇ ತಿಳಿದುಕೊಂಡರು. ಬೆಲ್ಟನ್ನು ಸುತ್ತಿ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದರು.

ಒಂದು ಮಾತು ಉಳಿದಿದೆ. ಕಾಗದ ಬರೆಯಲು ಕೂತಾಗ ಹೊಳೆಯಿತು. ಆ ಹುಡುಗಿಗೆ ನಾನು ಹೇಳಿದ್ದೂ ಸಾವಿನ ಸುಳ್ಳು ಸುದ್ದಿಯೇ. ಅವಳು ಅತ್ತದ್ದೂ ನಿಜ. ಅಜ್ಜಿಯ ಲೆಕ್ಕದಲ್ಲಿ ಅದನ್ನು ಹೇಳಿದವಳೇ ಹಿಂದಕ್ಕೆ ತಗೊಳ್ಳಬೇಕು, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ.

ನಾನಿನ್ನೂ ತಗೊಂಡಿಲ್ಲ.

ದಾಕ್ಷಾಯಣಿ